ಹಳ್ಳಿಯಂಗಳದಲ್ಲೊಂದು ಮಕ್ಕಳ ಪುಸ್ತಕ ಹಬ್ಬ



ಮಕ್ಕಳಿಗೆ ರಜೆ ಬಂತೆಂದರೆ ನಮ್ಮಲ್ಲಿ ಹೆಚ್ಚಿನವರ ಮನಸ್ಸು ಊರಿನ ಕಡೆ ಓಡುತ್ತದೆ. ಮುಂಬಯಿ, ಪುಣೆಯವರು ರಾತ್ರಿ ಬಸ್ಸು ಹತ್ತುತ್ತೇವೆ. ಚೆನ್ನೈ, ಹೈದರಾಬಾದು, ದೆಹಲಿಯವರು ತಿಂಗಳುಗಟ್ಟಲೆ ಮೊದಲೇ ರೈಲಿನ ಟಿಕೆಟ್ಟು ತೆಗೆದಿಟ್ಟುಕೊಳ್ಳುತ್ತೇವೆ. ಊರಲ್ಲಿ ಜಾತ್ರೆಯೂ ಕೂಡಿಬಂದರೆ ಮಕ್ಕಳಿಗೆ ಹೇಳತೀರದ ಸಂಭ್ರಮ. ಬೆಂಡು ಬತ್ತಾಸು, ಬಳೆ, ಬಲೂನು, ಪೀಪಿ, ತಿರುಗುವ ತೊಟ್ಟಿಲು, ಮಿರ್ಚಿ ಭಜಿ, ರಾತ್ರಿಯಿಡೀ ಬಯಲಾಟ. ಜಾತ್ರೆಯಲ್ಲಿ ಏನುಂಟು ಏನಿಲ್ಲ! ಆದರೆ ಒಂದು ಅಂಗಡಿ ಮಾತ್ರ ನಾನು ಎಷ್ಟು ಹುಡುಕಿದರೂ ಸಿಕ್ಕಿಲ್ಲ. ಅದು ಮಕ್ಕಳ ಕತೆ ಪುಸ್ತಕದ ಅಂಗಡಿ.

ಇದು ನನ್ನ ತಲೆಯಲ್ಲಿ ಹೊಕ್ಕಿದ್ದು ಕೆಲವು ವರ್ಷಗಳ ಹಿಂದೆ. ಧಾರವಾಡ ಸೀಮೆಯ ನಮ್ಮ ಊರಿಗೆ ಹೊರಟಾಗ ಅಣ್ಣನ ಮಗನಿಗೆಂದು ಪುಣೆಯಲ್ಲಿ ಒಂದು ದುಬಾರಿ ಇಂಗ್ಲಿಷ್ ಪುಸ್ತಕ ಕೊಂಡಿದ್ದೆ. ಆತ ನಾಲ್ಕು ಚಿತ್ರ ನೋಡಿ, ಮರ್ಯಾದೆಯಿಂದ ಅದನ್ನು ಕಪಾಟಿನಲ್ಲಿಟ್ಟ. ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಹೊತ್ತು ಹೋಗಲೆಂದು ಕೊಂಡಿದ್ದ ತೆಳ್ಳನೆಯ ಕನ್ನಡ ಕತೆ ಪುಸ್ತಕವೊಂದು ನನ್ನ ಚೀಲದಲ್ಲಿತ್ತು. ಅದು ಅವನ ಕೈಗೆ ಸಿಕ್ಕಿತು ನೋಡಿ, ಕಟ್ಟೆಯ ಮೇಲೆ ಕೂತವನು ಊಟಕ್ಕೆ ಕರೆದರೂ ಏಳಲಿಲ್ಲ! ಪಕ್ಕದಲ್ಲಿ ಕೂತಿದ್ದ ನನ್ನ ಮಗಳು, ಪುಣೆಯಲ್ಲೇ ಹುಟ್ಟಿ ಬೆಳೆದವಳು, ಪುಟ ತಿರುವಿದಾಗೆಲ್ಲ "ಅಣ್ಣಾ, ಮುಂದ ಏನಾತು?" ಎನ್ನುತ್ತಿದ್ದಳು. ಕೊನೆಗೆ ಅವನಿಗೆ ಬೇಸರವಾಗಿ, "ನಿನಗ ಓದಾಕ ಬರೂದಿಲ್ಲೇನು?" ಎಂದುಬಿಟ್ಟ. ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಅಂದು ರಾತ್ರಿ ನನಗೆ ಹೊಳೆದದ್ದಿಷ್ಟೇ. ಊರಿನ ಮಗುವಿಗೆ ಅಕ್ಷರ ಬರುತ್ತದೆ, ಕೈಗೆ ಪುಸ್ತಕವಿಲ್ಲ. ನಮ್ಮ ನಗರದ ಮಗುವಿನ ಕೋಣೆ ತುಂಬ ಪುಸ್ತಕವಿದೆ, ಕನ್ನಡದ ಅಕ್ಷರವಿಲ್ಲ. ಒಂದೇ ಮನೆತನದ ಇಬ್ಬರು ಮಕ್ಕಳು ಎರಡು ದಡದಲ್ಲಿ ನಿಂತಿದ್ದಾರೆ. ಇವರಿಬ್ಬರನ್ನೂ ಒಂದೆಡೆ ಕೂಡಿಸುವ ದಾರಿಗಳಲ್ಲೊಂದು ಹಳ್ಳಿಯಲ್ಲಿ ನಡೆಸುವ ಮಕ್ಕಳ ಪುಸ್ತಕ ಹಬ್ಬ. ಹಾಗೆಂದರೇನು, ಅದು ಹೇಗೆ ನಡೆಯುತ್ತದೆ, ದೂರದಲ್ಲಿರುವ ನಾವು ಅದರಲ್ಲಿ ಏನು ಮಾಡಬಹುದು ಎಂಬುದನ್ನು ಈ ಸಲ ನೋಡೋಣ.

ಪ್ರದರ್ಶನವಲ್ಲ, ಹಬ್ಬ

ಪುಸ್ತಕ ಪ್ರದರ್ಶನ ನಾವೆಲ್ಲ ಕಂಡದ್ದೇ. ಸಾಲು ಮಳಿಗೆ, ರಿಯಾಯಿತಿಯ ಫಲಕ, ದೊಡ್ಡವರ ನೂಕುನುಗ್ಗಲು. ಮಗು ಪುಸ್ತಕ ಮುಟ್ಟಿದರೆ "ಹರಿದೀತು, ಇಡು" ಎಂಬ ಮಾತು. ಪುಸ್ತಕ ಹಬ್ಬದ ರೀತಿ ಬೇರೆ. ಇಲ್ಲಿ ಮಾರಾಟ ಒಂದು ಮೂಲೆಯಲ್ಲಿರುತ್ತದೆ. ನಡುಮನೆಯಲ್ಲಿರುವುದು ಕತೆ, ಹಾಡು, ಆಟ, ಗೊಂಬೆ, ನಾಟಕ. ಮಗು ಪುಸ್ತಕ ಕೊಳ್ಳದಿದ್ದರೂ ಸರಿ, ಹತ್ತು ಪುಸ್ತಕ ಕೈಯಲ್ಲಿ ಹಿಡಿದು, ಮೂಸಿ, ತಿರುವಿ, ಒಂದನ್ನಾದರೂ ಓದಿ ಹೋದರೆ ಹಬ್ಬ ಗೆದ್ದಂತೆ.

ನಮ್ಮ ದೇಶದ ನಗರಗಳಲ್ಲಿ ಇಂಥ ಹಬ್ಬಗಳು ಹೊಸತಲ್ಲ. ದೆಹಲಿಯ ಕೇಳುಗರು 'ಬುಕಾರೂ' ಹೆಸರು ಕೇಳಿರಬೇಕು. 2008ರಲ್ಲಿ ದೆಹಲಿಯಲ್ಲಿ ಶುರುವಾದ ಈ ಮಕ್ಕಳ ಸಾಹಿತ್ಯ ಉತ್ಸವ ಮುಂದೆ ಬೇರೆ ಊರುಗಳಿಗೂ ಹೋಯಿತು. ಕತೆಗಾರರೂ ಚಿತ್ರಕಾರರೂ ಮರದ ಕೆಳಗೆ ಮಕ್ಕಳೊಡನೆ ಕೂರುವುದು ಅದರ ಆಕರ್ಷಣೆ. ಆದರೆ ನಗರದ ಮಗುವಿಗೆ ಇದು ಹತ್ತರಲ್ಲಿ ಹನ್ನೊಂದನೆಯ ಕಾರ್ಯಕ್ರಮ. ಹಳ್ಳಿಯ ಮಗುವಿಗೆ ಅದೇ ಮೊದಲನೆಯದು. ಹಾಗಾಗಿ ಹಳ್ಳಿಯಲ್ಲಿ ಅದರ ಬೆಲೆ ಹೆಚ್ಚು.

ಎತ್ತಿನ ಗಾಡಿಯಲ್ಲಿ ಬಂದ ಪುಸ್ತಕ

ಪುಸ್ತಕವೇ ಜನರ ಬಳಿಗೆ ಹೋಗಬೇಕು ಎಂಬ ವಿಚಾರಕ್ಕೆ ನಮ್ಮ ದಕ್ಷಿಣದಲ್ಲೇ ಒಂದು ಸೊಗಸಾದ ನಿದರ್ಶನವಿದೆ. 1931ರ ಅಕ್ಟೋಬರಿನಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯೊಂದು ಪುಸ್ತಕ ಹೇರಿಕೊಂಡು ಸುತ್ತಲ ಹಳ್ಳಿಗಳಿಗೆ ಹೊರಟಿತು. ಕನಕಸಭೈ ಪಿಳ್ಳೈ ಎಂಬುವರು ಹೊರಡಿಸಿದ ಈ ಸಂಚಾರಿ ಗ್ರಂಥಾಲಯದ ಹಿಂದೆ ಗ್ರಂಥಾಲಯ ವಿಜ್ಞಾನದ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರ ಪ್ರೇರಣೆಯಿತ್ತು. ಪ್ರತಿ ಓದುಗನಿಗೆ ಅವನಿಗೆ ಒಪ್ಪುವ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ತಕ್ಕ ಓದುಗ ಸಿಗಬೇಕು ಎಂಬ ಆಶಯದ ಅವರ ಐದು ಸೂತ್ರಗಳು ಹೊರಬಂದದ್ದೂ ಅದೇ 1931ರಲ್ಲಿ. ಮುಂದೆ ರಂಗನಾಥನ್ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವನ್ನು ಕಟ್ಟಿದರು. ನಾವು ಕನ್ನಡಿಗರು ಅವರನ್ನು ನಮ್ಮವರೆನ್ನಲು ಇದು ಸಾಕು.

ಮುಂಬಯಿ, ಪುಣೆಯ ಕೇಳುಗರು ಒಂದು ಭಾನುವಾರ ಹೋಗಿ ಕಣ್ಣಾರೆ ನೋಡಬಹುದಾದ ಉದಾಹರಣೆಯೂ ಇದೆ. ಸಾತಾರಾ ಜಿಲ್ಲೆಯಲ್ಲಿ ಪಂಚಗಣಿಯಿಂದ ಮಹಾಬಳೇಶ್ವರಕ್ಕೆ ಹೋಗುವ ದಾರಿಯ ಭಿಲಾರ್ ಎಂಬ ಹಳ್ಳಿ. ಸ್ಟ್ರಾಬೆರಿಗೆ ಹೆಸರಾದ ಈ ಊರು 2017ರ ಮೇ 4ರಂದು 'ಪುಸ್ತಕಗಳ ಊರು' ಆಯಿತು. ಬ್ರಿಟನ್ನಿನ ವೇಲ್ಸ್ ಸೀಮೆಯ ಹೇ-ಆನ್-ವೈ ಎಂಬ ಪುಸ್ತಕದ ಊರು ಇದಕ್ಕೆ ಮಾದರಿ. ಮೊದಲಿಗೆ ಊರಿನ 25 ಕಡೆ, ಮನೆ, ಗುಡಿ, ಶಾಲೆಗಳಲ್ಲಿ, ಸುಮಾರು 15 ಸಾವಿರ ಮರಾಠಿ ಪುಸ್ತಕಗಳನ್ನು ಇಟ್ಟರು. ಒಂದು ಮನೆಯಲ್ಲಿ ಕತೆ, ಇನ್ನೊಂದರಲ್ಲಿ ಕವಿತೆ, ಮತ್ತೊಂದರಲ್ಲಿ ಮಕ್ಕಳ ಸಾಹಿತ್ಯ ಹೀಗೆ ವಿಂಗಡಣೆ. ಬಂದವರು ಕಾಸು ಕೊಡದೆ ಕೂತು ಓದಬಹುದು. ಮನೆಯವರು ತಮ್ಮ ಪಡಸಾಲೆಯನ್ನೇ ಓದುವವರಿಗೆ ಬಿಟ್ಟುಕೊಟ್ಟರಲ್ಲ, ಅದು ದೊಡ್ಡ ಮಾತು. ಪುಸ್ತಕಕ್ಕೆ ಕಟ್ಟಡಕ್ಕಿಂತ ಮೊದಲು ಬೇಕಾದದ್ದು ಒಂದು ಜಗಲಿ ಎಂಬುದನ್ನು ಆ ಊರು ತೋರಿಸಿಕೊಟ್ಟಿತು.

ನಮ್ಮ ಕರ್ನಾಟಕದಲ್ಲಿ ಹಳ್ಳಿಯೊಳಗೆ ಪುಸ್ತಕ, ರಂಗಭೂಮಿ ಎರಡೂ ಜೊತೆಗೆ ಬೆಳೆದದ್ದಕ್ಕೆ ಸಾಗರದ ಬಳಿಯ ಹೆಗ್ಗೋಡು ಸಾಕ್ಷಿ. 1949ರಲ್ಲಿ ಹುಟ್ಟಿದ ನೀನಾಸಮ್ ಹಾಗೂ ಕೆ. ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನ ಒಂದೇ ಅಂಗಳದ ಬೆಳೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಒಬ್ಬರೇ ಲಕ್ಷಗಟ್ಟಲೆ ಪುಸ್ತಕ ಕೂಡಿಸಿ 'ಪುಸ್ತಕ ಮನೆ' ಕಟ್ಟಿದ್ದಾರೆ. ಅಂದರೆ ಹಳ್ಳಿಗೂ ಪುಸ್ತಕಕ್ಕೂ ಆಗಿಬರುವುದಿಲ್ಲ ಎಂಬ ಮಾತನ್ನು ನಾವು ಇನ್ನು ಆಡಬಾರದು.

ಎರಡು ದಿನದ ಹಬ್ಬ ಹೇಗೆ ಸಾಗುತ್ತದೆ?

ಇಂಥ ಹಬ್ಬಕ್ಕೆ ದೊಡ್ಡ ಶಾಮಿಯಾನ ಬೇಕಿಲ್ಲ. ಶಾಲೆಯ ಅಂಗಳ, ಪಂಚಾಯಿತಿ ಗ್ರಂಥಾಲಯ, ಗುಡಿಯ ಪೌಳಿ, ಒಂದು ಆಲದ ಕಟ್ಟೆ ಇದ್ದರೆ ಆಯಿತು. ಬೆಳಿಗ್ಗೆ ಮೆರವಣಿಗೆಯಿಂದ ಆರಂಭ. ಮಹಾರಾಷ್ಟ್ರದ ಕೇಳುಗರು 'ಗ್ರಂಥದಿಂಡಿ' ನೋಡಿದ್ದೀರಿ, ಸಾಹಿತ್ಯ ಸಮ್ಮೇಳನದ ದಿನ ಪಲ್ಲಕ್ಕಿಯಲ್ಲಿ ಗ್ರಂಥಗಳನ್ನಿಟ್ಟು ಹೊರುತ್ತಾರಲ್ಲ, ಅದೇ ರೀತಿ. ಇಲ್ಲಿ ಪಲ್ಲಕ್ಕಿ ಹೊರುವವರು ಮಕ್ಕಳು. ಮುಂದೆ ಡೊಳ್ಳು ಅಥವಾ ಹಲಗೆ. ಕತೆಯ ನರಿ, ಆನೆ, ರಾಜ, ಅಜ್ಜಿ ಆಗಿ ವೇಷ ಹಾಕಿದ ಮಕ್ಕಳು ಬೀದಿ ಬೀದಿ ಸುತ್ತುತ್ತಾರೆ. ಶಾಲೆಯ ಕಡೆ ತಲೆಹಾಕದ ತಂದೆತಾಯಂದಿರೂ ಬಾಗಿಲಿಗೆ ಬಂದು ನೋಡುತ್ತಾರೆ. ಮೆರವಣಿಗೆಯ ನಿಜವಾದ ಉಪಯೋಗ ಇದೇ. ಊರಿಗೆಲ್ಲ ಡಂಗುರ ಸಾರಿದಂತಾಯಿತು!

ಆಮೇಲೆ ಮಕ್ಕಳು ಗುಂಪಾಗಿ ಒಂದೊಂದು ಮೂಲೆಗೆ ಹೋಗುತ್ತಾರೆ. ಓದುವ ಮೂಲೆಯಲ್ಲಿ ಚಾಪೆ ಹಾಸಿ, ಹಗ್ಗ ಕಟ್ಟಿ, ಪುಸ್ತಕಗಳ ಮುಖಪುಟ ಕಾಣುವಂತೆ ತೂಗುಹಾಕಿರುತ್ತಾರೆ. ಪುಸ್ತಕದ ಬೆನ್ನು ಕಂಡರೆ ಮಗುವಿಗೆ ಏನೂ ತಿಳಿಯದು, ಮುಖ ಕಂಡರೆ ಕೈ ತಾನಾಗಿ ಚಾಚುತ್ತದೆ. ಕತೆ ಕಟ್ಟೆಯಲ್ಲಿ ಹೇಳುವವರೊಬ್ಬರು, ಸುತ್ತ ಇಪ್ಪತ್ತೈದು ಮೂವತ್ತು ಮಕ್ಕಳು. ಇದಕ್ಕಿಂತ ಹೆಚ್ಚಾದರೆ ಕತೆ ಭಾಷಣವಾಗುತ್ತದೆ.

ಪುಸ್ತಕ ಮಾಡುವ ಮೂಲೆ ಎಲ್ಲಕ್ಕಿಂತ ಗದ್ದಲದ್ದು. ಒಂದು ಬಿಳಿ ಹಾಳೆ ಸಾಕು. ಅದನ್ನು ಮೂರು ಸಲ ಅರ್ಧರ್ಧಕ್ಕೆ ಮಡಚಿ ಬಿಡಿಸಿದರೆ ಎಂಟು ಮನೆಗಳು ಮೂಡುತ್ತವೆ. ಹಾಳೆಯ ಗಿಡ್ಡ ಅಂಚುಗಳು ಕೂಡುವಂತೆ ಒಮ್ಮೆ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಅರ್ಧದವರೆಗೆ ಮಾತ್ರ ಕತ್ತರಿಸಬೇಕು. ಬಿಡಿಸಿ, ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ಒತ್ತಿದರೆ ಎಂಟು ಪುಟದ ಪುಸ್ತಕ ಸಿದ್ಧ. ಅಂಟು ಬೇಡ, ಪಿನ್ನು ಬೇಡ. ಮಗು ಅದರಲ್ಲಿ ತನ್ನ ಕತೆ ಬರೆದು, ಮೇಲೆ ತನ್ನ ಹೆಸರು ಹಾಕುತ್ತದೆ. ತನ್ನ ಹೆಸರು ಮುಖಪುಟದ ಮೇಲೆ ಕಂಡ ಮಗು ಪುಸ್ತಕವನ್ನು ಮತ್ತೆ ಪರಕೀಯವೆಂದು ಎಣಿಸುವುದಿಲ್ಲ.

ಇನ್ನೊಂದು ಮೂಲೆ ಊರಿನ ಅಜ್ಜ ಅಜ್ಜಿಯರದು. ಕೆರೆ ಹೇಗೆ ಬಂತು, ಗುಡ್ಡಕ್ಕೆ ಆ ಹೆಸರು ಯಾಕೆ, ಬರಗಾಲದಲ್ಲಿ ಏನು ಉಂಡರು ಎಂದು ಅವರು ಹೇಳುತ್ತಾರೆ. ದೊಡ್ಡ ಮಕ್ಕಳು ಬರೆದುಕೊಳ್ಳುತ್ತಾರೆ. ಹಬ್ಬ ಮುಗಿಯುವಷ್ಟರಲ್ಲಿ ಊರಿನದೇ ಒಂದು ಕೈಬರಹದ ಪುಸ್ತಕವಾಗಿ, ಗ್ರಂಥಾಲಯದ ಕಪಾಟು ಸೇರುತ್ತದೆ.

ಸಂಜೆ ಪ್ರದರ್ಶನ. ಕರ್ನಾಟಕದಲ್ಲಿ ಇದಕ್ಕೇನೂ ಕೊರತೆಯಿಲ್ಲ. ತೊಗಲು ಗೊಂಬೆಯಾಟ, ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ, ಕಂಸಾಳೆ, ಗೊಂದಲಿಗರ ಕತೆ, ಮಕ್ಕಳೇ ಆಡುವ ನಾಟಕ. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುವ 'ಚಿಣ್ಣರ ಮೇಳ'ದಂಥ ಶಿಬಿರಗಳು ಮಕ್ಕಳ ರಂಗಭೂಮಿಗೆ ನಾಡಿನಲ್ಲಿ ಒಳ್ಳೆಯ ನೆಲ ಹದಮಾಡಿವೆ. ಪುಸ್ತಕ ಹಬ್ಬದಲ್ಲಿ ಒಂದು ಚಿಕ್ಕ ಉಪಾಯ ನೆನಪಿಡಬೇಕು. ಸಂಜೆ ಆಡಿದ ಕತೆಯ ಪುಸ್ತಕದ ನಾಲ್ಕಾರು ಪ್ರತಿಗಳು ಮಾರನೆಯ ದಿನ ಓದುವ ಮೂಲೆಯಲ್ಲಿ ಇರಲೇಬೇಕು. ಗೊಂಬೆ ಕುಣಿದ ಕತೆಯನ್ನು ಮಕ್ಕಳು ಬೆಳಿಗ್ಗೆ ತಾವೇ ಹುಡುಕಿಕೊಂಡು ಬರುತ್ತಾರೆ. ಕತೆ ಮೊದಲೇ ಗೊತ್ತಿರುವುದರಿಂದ ತಡವರಿಸಿ ಓದುವ ಮಗುವಿಗೂ ಪುಟ ದಾಟುವ ಧೈರ್ಯ ಬರುತ್ತದೆ.

ಕೇಳುವುದೇ ಓದಿನ ಮೊದಲ ಮೆಟ್ಟಿಲು

ಓದುವುದನ್ನು ಕಲಿಸಲು ಕತೆ ಹೇಳುವುದೇಕೆ ಎಂದು ಕೆಲವರು ಕೇಳುತ್ತಾರೆ. ರೇಡಿಯೋ ಕೇಳುವ ನಮಗಾದರೂ ಇದರ ಉತ್ತರ ಬೇಗ ತಿಳಿಯಬೇಕು. ಕಿವಿಯಲ್ಲಿ ಇಲ್ಲದ ಮಾತು ಕಣ್ಣಿಗೆ ಸಲೀಸಾಗಿ ಎಟುಕುವುದಿಲ್ಲ. ಮಗು ಓದುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಅಕ್ಷರ ಕೂಡಿಸಿ ಉಚ್ಚರಿಸುವುದು ಒಂದು. ಉಚ್ಚರಿಸಿದ್ದು ಏನೆಂದು ಗುರುತಿಸುವುದು ಇನ್ನೊಂದು. ಕನ್ನಡದಲ್ಲಿ ಬರೆದಂತೆ ಓದುವ ಅನುಕೂಲವಿದೆ. 49 ಅಕ್ಷರ, ಕಾಗುಣಿತ, ಒತ್ತಕ್ಷರ ತಿಳಿದರೆ ಯಾವ ಪದವನ್ನಾದರೂ ಉಚ್ಚರಿಸಬಹುದು. ಆದರೆ ಆ ಪದವನ್ನು ಮೊದಲೇ ಕೇಳಿರದಿದ್ದರೆ ಅದು ಬರಿಯ ಸದ್ದು.

ಹಳ್ಳಿಯ ಮಗುವಿಗೆ ಇನ್ನೊಂದು ತೊಡಕು. ಮನೆಯಲ್ಲಿ "ಹೋಗ್ಯಾನ" ಎನ್ನುವ ಮಗುವಿಗೆ ಪುಸ್ತಕ "ಹೋಗಿದ್ದಾನೆ" ಎನ್ನುತ್ತದೆ. ಮನೆಯ ಮಾತಿಗೂ ಪುಸ್ತಕದ ಮಾತಿಗೂ ನಡುವೆ ಒಂದು ಹಳ್ಳವಿದೆ. ಒಳ್ಳೆಯ ಕತೆಗಾರ ಆ ಹಳ್ಳಕ್ಕೆ ಸೇತುವೆ. ಮನೆಯ ಮಾತಿನಲ್ಲಿ ಕತೆ ಹೇಳುತ್ತ, ನಡುನಡುವೆ ಪುಸ್ತಕದ ಸಾಲನ್ನು ಓದುತ್ತ, ಮಗುವನ್ನು ಕೈಹಿಡಿದು ಆಚೆ ದಡಕ್ಕೆ ಕರೆದೊಯ್ಯುತ್ತಾನೆ. ನಮ್ಮ ನಗರದ ಮಕ್ಕಳಿಗೂ ಇದೇ ಮಾತು ಸಲ್ಲುತ್ತದೆ. ಅವರ ಕಿವಿಯಲ್ಲಿ ಕನ್ನಡ ಇದೆ. ಅರ್ಧ ದಾರಿ ನಡೆದವರು ಅವರು. ಉಳಿದದ್ದು ಅಕ್ಷರದ ದಾರಿ ಮಾತ್ರ.

ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವ ಕ್ರಮವೂ ಸರಳ. ಮೊದಲು ತಾವು ಒಮ್ಮೆ ಓದಿಕೊಂಡಿರಬೇಕು. ಮುಖಪುಟ ತೋರಿಸಿ, ಒಳಗೇನಿರಬಹುದು ಎಂದು ಕೇಳಬೇಕು. ಚಿತ್ರ ಮಕ್ಕಳ ಕಡೆಗೆ ಇರುವಂತೆ ಪುಸ್ತಕವನ್ನು ಪಕ್ಕಕ್ಕೆ ಹಿಡಿಯಬೇಕು. ಮತ್ತೆ ಮತ್ತೆ ಬರುವ ಮಾತನ್ನು ಮಕ್ಕಳ ಬಾಯಿಗೆ ಬಿಟ್ಟುಕೊಡಬೇಕು. ಕುತೂಹಲದ ಜಾಗದಲ್ಲಿ ಒಂದು ಉಸಿರು ನಿಲ್ಲಿಸಬೇಕು. ಕೊನೆಗೆ "ಈ ಕತೆಯ ನೀತಿ ಏನು?" ಎಂದು ಮಾತ್ರ ಕೇಳಬಾರದು! ಆ ಪ್ರಶ್ನೆ ಬಂದೊಡನೆ ಕತೆ ಪಾಠವಾಗಿ, ಮಕ್ಕಳು ಚಪ್ಪಲಿ ಹುಡುಕತೊಡಗುತ್ತಾರೆ.

ಯಾವ ಪುಸ್ತಕ ಇಡಬೇಕು?

ಕನ್ನಡದಲ್ಲಿ ಮಕ್ಕಳ ಪುಸ್ತಕ ಎಲ್ಲಿದೆ ಎನ್ನುವವರು ಸ್ವಲ್ಪ ಹಿಂತಿರುಗಿ ನೋಡಬೇಕು. ಪಂಜೆ ಮಂಗೇಶರಾಯರು (1874-1937) ಶಾಲೆಗಳ ಇನ್ಸ್‌ಪೆಕ್ಟರರಾಗಿ ದುಡಿಯುತ್ತಲೇ ಮಕ್ಕಳ ಪದ್ಯ, ಕತೆಗೆ ಅಡಿಪಾಯ ಹಾಕಿದರು. ಶಿವರಾಮ ಕಾರಂತರು 1936ರಲ್ಲೇ 'ಬಾಲ ಪ್ರಪಂಚ' ಎಂಬ ಮೂರು ಸಂಪುಟಗಳ ವಿಶ್ವಕೋಶವನ್ನು ಮಕ್ಕಳಿಗೆಂದು ಕೊಟ್ಟರು. ಜಿ. ಪಿ. ರಾಜರತ್ನಂ ಅವರ ಶಿಶುಗೀತೆ ಕಲಿಯದ ಕನ್ನಡದ ಮಗು ಉಂಟೇ? ನಮ್ಮ ತಲೆಮಾರಿನವರು ರಾಷ್ಟ್ರೋತ್ಥಾನದ 'ಭಾರತ ಭಾರತಿ'ಯ ಪುಟ್ಟ ಪುಸ್ತಕಗಳನ್ನೂ 'ಚಂದಮಾಮ'ವನ್ನೂ ಓದಿ ಬೆಳೆದವರು. ಚಂದಮಾಮ ನಿಂತುಹೋಗಿ ವರ್ಷಗಳಾದವು. ಆದರೆ ಬರೆಯುವವರು ನಿಂತಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಆರಂಭಿಸಿದಾಗ ಕನ್ನಡದಲ್ಲಿ ಮೊದಲು ಪಡೆದವರು ಬೊಳುವಾರು ಮಹಮದ್ ಕುಂಞಿ. ಗಾಂಧೀಜಿಯ ಬಾಲ್ಯ, ಬದುಕನ್ನು ಮಕ್ಕಳಿಗೆ ಹೇಳಿದ ಪುಸ್ತಕ ಅದು.

ಈಗ ಕೊಳ್ಳುವುದಾದರೆ ನವಕರ್ನಾಟಕ, 1957ರಲ್ಲಿ ಹುಟ್ಟಿದ ನ್ಯಾಷನಲ್ ಬುಕ್ ಟ್ರಸ್ಟ್, ಚೆನ್ನೈನ ತೂಲಿಕಾ, ಬೆಂಗಳೂರಿನ ಪ್ರಥಮ್ ಬುಕ್ಸ್ ಇವರ ಕನ್ನಡ ಚಿತ್ರಪುಸ್ತಕಗಳಿವೆ. ತೂಲಿಕಾದವರ ದ್ವಿಭಾಷಾ ಪುಸ್ತಕದಲ್ಲಿ ಒಂದೇ ಪುಟದಲ್ಲಿ ಇಂಗ್ಲಿಷೂ ಕನ್ನಡವೂ ಇರುವುದರಿಂದ ನಗರದ ಮಗುವಿಗೂ ಹಳ್ಳಿಯ ಮಗುವಿಗೂ ಒಟ್ಟಿಗೆ ಕೂರಲು ಅನುಕೂಲ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಿಂದ ಕನ್ನಡ ಕತೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಿಕೊಳ್ಳಲೂಬಹುದು. ಆರಿಸುವಾಗ ವಯಸ್ಸಿಗಿಂತ ಓದಿನ ಮಟ್ಟ ನೋಡಿ. ಪುಟಕ್ಕೆ ಒಂದೆರಡು ಸಾಲು, ಒತ್ತಕ್ಷರ ಕಡಿಮೆ ಇರುವ ಪುಸ್ತಕಗಳು ಹೆಚ್ಚಿರಲಿ. ಐದನೆಯ ತರಗತಿಯ ಮಗುವೂ ಅವನ್ನು ಕದ್ದು ಓದಿ ಖುಷಿಪಡುತ್ತದೆ.

ಹಬ್ಬ ಮುಗಿದ ಮೇಲೆ

ಎರಡು ದಿನ ಕುಣಿದು ಮೂರನೆಯ ದಿನ ಎಲ್ಲ ಖಾಲಿಯಾದರೆ ಏನು ಫಲ? ಪುಸ್ತಕಗಳು ಊರಲ್ಲೇ ಉಳಿಯಬೇಕು. ಇಲ್ಲಿ ಒಂದು ಒಳ್ಳೆಯ ಬೆಳವಣಿಗೆ ಹೇಳಬೇಕು. 2019ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಅಂಥವು ಐದು ಸಾವಿರಕ್ಕೂ ಹೆಚ್ಚು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ, 2020ರಲ್ಲಿ, 'ಓದುವ ಬೆಳಕು' ಎಂಬ ಕಾರ್ಯಕ್ರಮದಡಿ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಪುಸ್ತಕ ಕೊಡತೊಡಗಿದರು. ಇವುಗಳಿಗೆ ಈಗ 'ಅರಿವು ಕೇಂದ್ರ' ಎಂಬ ಹೆಸರಿದೆ. ಹೊಸದಾಗಿ ಏನನ್ನೂ ಕಟ್ಟುವ ಅಗತ್ಯವಿಲ್ಲ, ಇರುವ ಬಾಗಿಲನ್ನು ಬಳಸಿಕೊಂಡರೆ ಸಾಕು.

ನಾನು ಕಂಡ ಒಂದು ಶಾಲೆಯಲ್ಲಿ ದಾನವಾಗಿ ಬಂದ ಚೆಂದದ ಪುಸ್ತಕಗಳು ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದವು. "ಹರಿದರೆ ಲೆಕ್ಕ ಕೊಡುವವರು ಯಾರು?" ಎಂಬ ಭಯ ಅವರದು. ಆ ಭಯವೂ ಸುಳ್ಳಲ್ಲ. ಆದ್ದರಿಂದ ಹಬ್ಬದಲ್ಲೇ ಇಬ್ಬರು ಮೂವರು ದೊಡ್ಡ ಮಕ್ಕಳನ್ನು ಪುಸ್ತಕದ ಮೇಸ್ತ್ರಿಗಳನ್ನಾಗಿ ಮಾಡಿ, ಹರಿದದ್ದನ್ನು ಅಂಟಿಸುವುದು, ವಹಿಯಲ್ಲಿ ಬರೆದು ಕೊಡುವುದು, ಮರಳಿ ಪಡೆಯುವುದು ಇಷ್ಟನ್ನು ಕಲಿಸಬೇಕು. ಹರಿದ ಪುಸ್ತಕ ಓದಿಸಿಕೊಂಡ ಪುಸ್ತಕ ಎಂದು ಊರಿನ ಹಿರಿಯರೇ ಒಮ್ಮೆ ಎಲ್ಲರ ಮುಂದೆ ಹೇಳಿದರೆ ಗುರುಗಳ ಭಯವೂ ಅರ್ಧ ಕಡಿಮೆಯಾದೀತು.

ದೂರದ ನಾವು ಏನು ಮಾಡಬಹುದು?

ಮೊದಲನೆಯದು, ಮನೆಯ ಹಳೆಯ ಪಠ್ಯಪುಸ್ತಕ, ಗೈಡುಗಳನ್ನು ಕಟ್ಟಿ ಕಳಿಸಿ ಕೈತೊಳೆದುಕೊಳ್ಳಬೇಡಿ. ಊರಿನ ಗ್ರಂಥಪಾಲಕರನ್ನೂ ಶಾಲೆಯ ಗುರುಗಳನ್ನೂ ಕೇಳಿ, ಬೇಕಾದದ್ದನ್ನು ಕೊಡಿ. ಐವತ್ತು ಒಳ್ಳೆಯ ಪುಸ್ತಕ ಐನೂರು ರದ್ದಿಗಿಂತ ಮೇಲು.

ಎರಡನೆಯದು, ದಿನ ನೋಡಿ ಗೊತ್ತುಮಾಡಿ. ಸುಗ್ಗಿಯ ದಿನಗಳಲ್ಲಿ ಯಾರೂ ಬರಲಾರರು. ಮೇ ತಿಂಗಳಲ್ಲಿ ಕರ್ನಾಟಕದ ಶಾಲೆಗೂ ಮುಂಬಯಿ, ಪುಣೆಯ ಶಾಲೆಗೂ ಒಟ್ಟಿಗೆ ರಜೆ ಇರುತ್ತದೆ. ದೆಹಲಿಯವರಿಗೆ ಆ ತಿಂಗಳ ಕೊನೆಯ ವಾರ ಒಳ್ಳೆಯದು. ಬಿಸಿಲಿನ ಕಾಲವಾದ್ದರಿಂದ ಬೆಳಿಗ್ಗೆ ಮತ್ತು ಸಂಜೆ ಮಾತ್ರ ಕಾರ್ಯಕ್ರಮ ಇಟ್ಟುಕೊಳ್ಳಿ.

ಮೂರನೆಯದು, ನಿಮ್ಮ ಮಕ್ಕಳನ್ನು ಅತಿಥಿಗಳಾಗಿ ಕರೆದೊಯ್ಯಿರಿ. ಮಕ್ಕಳ ಹಬ್ಬಗಳಲ್ಲಿ ಒಂದು ಚೆಂದದ ಪದ್ಧತಿಯುಂಟು. ಹೊರಗಿನಿಂದ ಬಂದ ಮಗುವಿಗೆ ಊರಿನ ಮಗುವೊಂದು ಜೊತೆಗಾರ. ಅವರ ಮನೆಯಲ್ಲೇ ಊಟ, ಅಲ್ಲೇ ನಿದ್ದೆ. ಹಳ್ಳಿಯ ಮಗು ಕನ್ನಡ ಓದಿ ಹೇಳಲಿ, ನಗರದ ಮಗು ತಾನು ಬಲ್ಲ ಇನ್ನೊಂದು ಭಾಷೆಯ ಕತೆಯನ್ನು ಕನ್ನಡದಲ್ಲಿ ಹೇಳಲಿ. ಕೊಡುವವರು ಯಾರು, ಪಡೆಯುವವರು ಯಾರು ಎಂಬ ಲೆಕ್ಕ ಆಗ ಉಳಿಯುವುದಿಲ್ಲ.

ನಾಲ್ಕನೆಯದು, ಮರಳಿ ಬಂದ ಮೇಲೆ ನಮ್ಮಲ್ಲೂ ಒಂದು ಕತೆ ಕಟ್ಟೆ ನಡೆಯಲಿ. ಮಾಟುಂಗದ ಮೈಸೂರು ಅಸೋಸಿಯೇಷನ್, ದೆಹಲಿ ಕರ್ನಾಟಕ ಸಂಘದಂಥ ಹಿರಿಯ ಸಂಸ್ಥೆಗಳು ಇರುವ ಊರುಗಳಲ್ಲಿ ಜಾಗಕ್ಕೆ ಕೊರತೆಯಾಗದು. ಸಂಘವಿಲ್ಲದ ಕಡೆ ಯಾರದಾದರೂ ಮನೆಯ ಪಡಸಾಲೆ ಇದ್ದೇ ಇದೆ. ವಾರಕ್ಕೊಂದು ಗಂಟೆ, ಒಂದು ಕತೆ, ನಾಲ್ಕು ಅಕ್ಷರ ಸಾಕು.

ಕೊನೆಗೊಂದು ಮಾತು. ಆ ರಜೆಯ ಬಳಿಕ ನನ್ನ ಮಗಳು ಅಕ್ಷರ ಕಲಿಯಲು ಕೂತಳು. ನಾನು ಹೇಳಿದ್ದಕ್ಕಲ್ಲ, ಅಣ್ಣ ಕೇಳಿದ ಆ ಒಂದು ಪ್ರಶ್ನೆಗೆ. ಮುಂದಿನ ಬೇಸಿಗೆಯಲ್ಲಿ ಅದೇ ಕಟ್ಟೆಯ ಮೇಲೆ ಅದೇ ಪುಸ್ತಕ ಹಿಡಿದು, ಬೆರಳಿಟ್ಟು, ತಡೆತಡೆದು ಮೊದಲ ಪುಟ ಓದಿದಳು. ಒಂದು ಒತ್ತಕ್ಷರಕ್ಕೆ ಸಿಕ್ಕಿಹಾಕಿಕೊಂಡಾಗ ಆತ ಬಾಯಿಬಿಡದೆ ಕಾದ. ಅವಳೇ ದಾಟಿದಳು. ಆಮೇಲೆ ಅವನು ಕೇಳಿದ ಮಾತು ಇಷ್ಟೇ: "ಬ್ಯಾರೇ ಪುಸ್ತಕ ತಂದೀರೇನು?"

ಈ ಸಲ ಊರಿಗೆ ಹೊರಡುವಾಗ ಚೀಲದಲ್ಲಿ ಮಿಠಾಯಿಯ ಪೊಟ್ಟಣದ ಪಕ್ಕ ಒಂದಿಷ್ಟು ಜಾಗ ಉಳಿಸಿಕೊಳ್ಳಿ. ಕೇಳುತ್ತಿರಿ, ಓದಿಸುತ್ತಿರಿ.